ಬಾಗಿಲಲ್ಲಿ ನಿಂತ ಮೈನಸ್ ಮೇಷ್ಟ್ರು

ತಪ್ಪು ನನ್ನದೇ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಓದುವವರಿಗೆ ಯಾರನ್ನು ಬೈಯಬೇಕು ಎಂಬ ಗೊಂದಲ ಇರುವುದಿಲ್ಲ. ನನ್ನ ಬಿ.ಎಡ್ ಓದಿನ ಖರ್ಚನ್ನು ಹೊತ್ತಿದ್ದ ಟ್ರಸ್ಟಿನವರು, ನಾನು ಪಾಠ ಹೇಗೆ ಮಾಡುತ್ತೇನೆಂದು ನೋಡಿ ವರದಿ ಬರೆಯಲು ಒಬ್ಬ ಹಿರಿಯ ಮೇಷ್ಟ್ರನ್ನು ನೇಮಿಸಿದ್ದರು. ವರದಿ ಚೆನ್ನಾಗಿದ್ದರೆ ವಿದ್ಯಾರ್ಥಿವೇತನ ಮುಂದುವರಿಯುತ್ತದೆ, ಇಲ್ಲದಿದ್ದರೆ ಅಲ್ಲಿಗೇ ನಿಲ್ಲುತ್ತದೆ. ಇಷ್ಟು ಗೊತ್ತಿದ್ದೂ ನಾನು ಒಂಬತ್ತನೇ ತರಗತಿಯ ಮಕ್ಕಳಿಗೆಲ್ಲ ಮೈನಸ್ ಚಿಹ್ನೆಯನ್ನು ಅದೇ ಮೇಷ್ಟ್ರ ದನಿಯಲ್ಲಿ, ಅವರ ಮೂಗಿನ ಸದ್ದಿನ ಸಮೇತ ಕಲಿಸಿಬಿಟ್ಟೆ. ಬುದ್ಧಿ ಇದ್ದವರು ಮಾಡುವ ಕೆಲಸವಲ್ಲ. ಆದರೆ ಬುದ್ಧಿವಂತರಿಗೆಂದು ಇಟ್ಟಿದ್ದ ವಿದ್ಯಾರ್ಥಿವೇತನವನ್ನೇ ನನಗೆ ಕೊಟ್ಟಿದ್ದರಲ್ಲ, ಅದು ಟ್ರಸ್ಟಿನವರ ತಪ್ಪು. ಹಾಗಾಗಿ ಮೇಲೆ ಬರೆದದ್ದನ್ನು 'ಮುಕ್ಕಾಲು ಪಾಲು ತಪ್ಪು ನನ್ನದು' ಎಂದು ತಿದ್ದಿಕೊಂಡು ಓದಬೇಕು.

ನಮ್ಮೂರು ಪುರವರದ ಪಕ್ಕ. ಚಿಕ್ಕಂದಿನಿಂದಲೂ ನನಗೆ ಬೇರೆಯವರ ದನಿ ಅಂಟಿಕೊಳ್ಳುವ ಕಾಯಿಲೆ. ಡೈರಿಯಲ್ಲಿ ಹಾಲು ಅಳೆಯುವವರ ಹತ್ತಿರ ಎರಡು ಮಾತಾಡಿ ಬಂದರೆ ಮನೆ ಬಾಗಿಲಿಗೆ ಬರುವಷ್ಟರಲ್ಲಿ ನಾನು ಅವರೇ ಆಗಿರುತ್ತಿದ್ದೆ. ಹೊರಗೆ ನಿಂತು ಅವರಂತೆ ಕೆಮ್ಮಿದರೆ ಅವ್ವ ಒಳಗಿನಿಂದ ಕಾಫಿ ಲೋಟ ಹಿಡಿದು ಬಂದು, ನನ್ನನ್ನು ಕಂಡು, ಆ ಕಾಫಿಯನ್ನು ನನ್ನೆದುರಿಗೇ ತಾನು ಕುಡಿದು ಲೋಟ ಮಾತ್ರ ನನ್ನ ಕೈಗೆ ಕೊಟ್ಟದ್ದುಂಟು. ಊರಿನಲ್ಲಿ ನಾನು ಅಣಕಿಸದೆ ಬಿಟ್ಟವರೆಂದರೆ ಮಾತೇ ಆಡದವರು. ನನ್ನ ಸ್ವಂತ ದನಿ ಹೇಗಿದೆ ಎಂದು ಒಮ್ಮೆ ಮೊಬೈಲಿನಲ್ಲಿ ರೆಕಾರ್ಡು ಮಾಡಿ ಕೇಳಿದೆ. ಒಣಗಿದ ತೆಂಗಿನ ಗರಿಯನ್ನು ಡಾಂಬರು ರಸ್ತೆಯ ಮೇಲೆ ಎಳೆದುಕೊಂಡು ಹೋದ ಹಾಗಿತ್ತು. ಮತ್ತೆ ಆ ತಂಟೆಗೆ ಹೋಗಲಿಲ್ಲ.

ಮಧುಗಿರಿಯಲ್ಲಿ ಬಿ.ಎಸ್ಸಿ ಮುಗಿಸಿದಾಗ ಕಾಲೇಜಿನ ಗೋಡೆಯ ಮೇಲೆ ಒಂದು ನೋಟೀಸು ಕಂಡಿತು. ಗಣಿತ, ವಿಜ್ಞಾನದಲ್ಲಿ ಒಳ್ಳೆಯ ಅಂಕ ಬಂದವರು ಮೇಷ್ಟ್ರಾಗಲು ಒಪ್ಪಿದರೆ ಎರಡು ವರ್ಷದ ಬಿ.ಎಡ್ ಓದನ್ನು ಟ್ರಸ್ಟು ನೋಡಿಕೊಳ್ಳುತ್ತದೆ, ಪ್ರತಿಯಾಗಿ ಮೂರು ವರ್ಷ, ಗಣಿತದ ಮೇಷ್ಟ್ರೇ ಇಲ್ಲದ ಹಳ್ಳಿಯ ಶಾಲೆಯೊಂದರಲ್ಲಿ ಪಾಠ ಮಾಡಬೇಕು ಎಂದಿತ್ತು. ಅರ್ಜಿಯಲ್ಲಿ 'ನೀವು ಯಾಕೆ ಶಿಕ್ಷಕರಾಗಬೇಕು' ಎಂದು ಕೇಳಿ ಒಂದು ಪುಟ ಖಾಲಿ ಬಿಟ್ಟಿದ್ದರು. ನಾನು ಅದನ್ನು ತುಂಬಿಸಿದೆ. ಕತ್ತಲೆ, ದೀಪ, ಬತ್ತಿ, ಎಣ್ಣೆ ಎಲ್ಲವನ್ನೂ ಬಳಸಿದೆ, ಬೆಂಕಿಪೊಟ್ಟಣ ಒಂದನ್ನು ಬಿಟ್ಟಿದ್ದೆ. ನಿಜವಾದ ಕಾರಣ ಬೇರೆ. ಮೇಷ್ಟ್ರಾದರೆ ದಿನಕ್ಕೆ ಐದಾರು ಸಲ, ಒಂದೊಂದು ಸಲಕ್ಕೆ ಮುಕ್ಕಾಲು ಗಂಟೆ, ಎದ್ದು ಹೋಗಲಾರದ ಜನ ನನ್ನ ಮುಂದೆ ಕೂತಿರುತ್ತಾರೆ. ಅಣಕಿಸುವವನಿಗೆ ಇದಕ್ಕಿಂತ ದೊಡ್ಡ ಭಾಗ್ಯ ಯಾವುದಿದೆ?

ಸಂದರ್ಶನದಲ್ಲಿ ಮೇಜಿನ ಆಚೆ ಮೂವರಿದ್ದರು. ಅಕ್ಕಪಕ್ಕದವರು ಬರೆದುಕೊಳ್ಳುವವರು, ನಡುವಿನವರು ಕೇಳುವವರು. ನಡುವಿನವರು ಕೊರಟಗೆರೆ ಕಡೆಯವರು, ಗಣಿತ ವಿಜ್ಞಾನ ಎರಡನ್ನೂ ಪಾಠ ಮಾಡಿ ನಿವೃತ್ತರಾಗಿದ್ದವರು. ಮುಂದೆ ನನ್ನ ವರದಿ ಬರೆಯಲು ಬಂದವರೂ ಇವರೇ, ಹಾಗಾಗಿ ಇವರನ್ನು ಕೊರಟಗೆರೆ ಮೇಷ್ಟ್ರು ಎಂದೇ ಕರೆಯುತ್ತೇನೆ. ಅವರಿಗೊಂದು ಅಭ್ಯಾಸ. ಎದುರಿನವರು ಮಾತು ಮುಗಿಸಿದ ಕೂಡಲೇ ಮೂಗಿನಲ್ಲಿ 'ಹ್ಞೂಂ' ಎಂದು ಒಂದು ಸಣ್ಣ ಸದ್ದು ಬರುತ್ತದೆ. ಆಮೇಲೆ ಕನ್ನಡಕ ತೆಗೆದು, ಅದಕ್ಕೆ ಬಾಯಿಂದ ಆವಿ ಊದಿ, ಅಂಗಿಯ ಚುಂಗಿನಿಂದ ಎರಡು ಸುತ್ತು ಒರೆಸುತ್ತಾರೆ. ಅದಾದ ಮೇಲೆ 'ಹಂಗಲ್ಲ ಕಣಪ್ಪ' ಎಂದು ಶುರುಮಾಡಿ, ಎದುರಿನವರು ಏನು ಹೇಳಿದ್ದರೋ ಅದರ ತಿರುಗುಮುರುಗನ್ನು ಹೇಳುತ್ತಾರೆ.

ಗಣಿತ ಹೇಗೆನ್ನಿಸುತ್ತದೆ ಎಂದು ನನ್ನನ್ನು ಕೇಳಿದರು. ಸುಲಭ ಸಾರ್ ಎಂದೆ. ಮೂಗು ಸದ್ದು ಮಾಡಿತು, ಕನ್ನಡಕ ಎರಡು ಸುತ್ತು ತಿರುಗಿತು. ಹಂಗಲ್ಲ ಕಣಪ್ಪ, ಬಲು ಕಷ್ಟ ಎಂದು ಹತ್ತು ನಿಮಿಷ ವಿವರಿಸಿದರು. ನಾನು ಹೊರಗೆ ಬಂದು ಕಿಟಕಿಯ ಕೆಳಗೆ ನಿಂತೆ. ನನ್ನ ಹಿಂದೆ ಒಳಗೆ ಹೋದ ಹುಡುಗಿ, ಹೊರಗಿನಿಂದ ನನ್ನ ಗತಿ ಕೇಳಿಸಿಕೊಂಡಿದ್ದವಳು, ಜಾಣತನದಿಂದ ಗಣಿತ ಬಹಳ ಕಷ್ಟ ಸಾರ್ ಎಂದಳು. ಮತ್ತೆ ಮೂಗು, ಮತ್ತೆ ಕನ್ನಡಕ. ಹಂಗಲ್ಲ ಕಣಮ್ಮ, ಅದರಷ್ಟು ಸುಲಭ ಯಾವುದೂ ಇಲ್ಲ ಎಂದು ಅವಳಿಗೂ ಹತ್ತು ನಿಮಿಷ ಸಿಕ್ಕಿತು. ಕಿಟಕಿಯ ಕೆಳಗೇ ನನಗೆ ಆ ದನಿ ಅಂಟಿತು. ಸಂಜೆಯ ಹೊತ್ತಿಗೆ ಹಾಸ್ಟೆಲಿನಲ್ಲಿ ಎಲ್ಲರಿಗೂ 'ಹಂಗಲ್ಲ ಕಣಪ್ಪ' ಹಂಚಿದ್ದೆ.

ಎಲ್ಲಿಗೆ ಹಾಕಿದರೂ ಹೋಗುತ್ತೀಯಾ ಎಂದೂ ಆ ದಿನ ಕೇಳಿದ್ದರು. ಎಲ್ಲಿಗಾದರೂ ಸರಿ ಸಾರ್ ಎಂದಿದ್ದೆ. 'ಎಲ್ಲಿಗಾದರೂ' ಎಂದಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಮಧುಗಿರಿ ಬಸ್‌ಸ್ಟ್ಯಾಂಡಿನ ಆಚೆ ಬದಿ. ಅವರ ಮನಸ್ಸಿನಲ್ಲಿ ಇದ್ದದ್ದು ಪಾವಗಡ ದಾಟಿ, ಇನ್ನೊಂದು ಬಸ್ಸು ಹಿಡಿದು, ಅದು ನಿಂತ ಮೇಲೆ ನಡೆದು, ಇನ್ನು ಸ್ವಲ್ಪ ನಡೆದರೆ ಆಂಧ್ರ ಎನ್ನುವಲ್ಲಿ ಇರುವ ಊರು. ಎರಡನೇ ವರ್ಷದ ದೊಡ್ಡ ಬೋಧನಾಭ್ಯಾಸಕ್ಕೆ ಅಲ್ಲಿಯ ಪ್ರೌಢಶಾಲೆಗೇ ಹಾಕಿದರು. ಮುಂದಿನ ಮೂರು ವರ್ಷವೂ ಅಲ್ಲೇ ಇರಬೇಕಾದ್ದರಿಂದ ಮಕ್ಕಳಿಗೂ ನನಗೂ ಈಗಲೇ ಬಳಕೆಯಾಗಲಿ ಎಂದು. ಅಭ್ಯಾಸದ ಕೊನೆಗೆ ಕೊರಟಗೆರೆ ಮೇಷ್ಟ್ರು ಬಂದು ಒಂದು ಪಾಠ ನೋಡುತ್ತಾರೆ. ಅವರು ಬೇಡವೆಂದರೆ ನಾನು ಅರ್ಧ ಮೇಷ್ಟ್ರಾಗಿ ಊರಿಗೆ ವಾಪಸ್ಸು. ಅರ್ಧ ಮೇಷ್ಟ್ರಿಗೆ ಎಲ್ಲೂ ಕೆಲಸವಿಲ್ಲ.

ಶಾಲೆಯಲ್ಲಿ ನನ್ನನ್ನು ಮೊದಲು ಕಂಡವರು ಪಿ.ಟಿ. ಮೇಷ್ಟ್ರು. ಸಿರಾದವರು, ಎತ್ತರದ ಆಳು, ಕೊರಳಲ್ಲಿ ಸದಾ ಸೀಟಿ. ಗಣಿತದವನು ಎಂದು ಹೇಳಿದ್ದೇ ತಡ, ಗೇಟಿನಲ್ಲೇ ತಬ್ಬಿಕೊಂಡರು. ನನಗಿಂತ ಮೊದಲಿದ್ದ ಗಣಿತದ ಮೇಷ್ಟ್ರು ವರ್ಗವಾಗಿ ಹೋಗಿ ನಾಲ್ಕು ವರ್ಷವಾಗಿತ್ತು. ಆ ಜಾಗ ಖಾಲಿಯೇ ಉಳಿದಿತ್ತು. ಸೀಟಿ ಊದಿದರೆ ಮಕ್ಕಳು ಸುಮ್ಮನಾಗುತ್ತಾರೆ ಎಂಬ ಒಂದೇ ಅರ್ಹತೆಯ ಮೇಲೆ ಹೆಡ್ ಮೇಡಂ ಗಣಿತವನ್ನು ಪಿ.ಟಿ. ಮೇಷ್ಟ್ರಿಗೆ ವಹಿಸಿದ್ದರು. ಮೇಡಂ ಸ್ವತಃ ಕನ್ನಡ ಪಾಠ ಮಾಡುವವರು, ಲೆಕ್ಕ ಎಂದರೆ ಹಾಜರಿ ಪುಸ್ತಕದ ಮೊತ್ತವನ್ನೂ ಇನ್ನೊಬ್ಬರಿಂದ ಹಾಕಿಸುವವರು.

"ಭಾಯ್, ನೀವು ಬಂದ್ರಲ್ಲ, ಬಸ್, ಸಾಕು, ತಲೆ ಮೇಲಿನ ಪಹಾಡ್, ದೊಡ್ಡ ಬೆಟ್ಟ, ಇಳೀತು ನಂದು," ಎಂದು ಪಿ.ಟಿ. ಮೇಷ್ಟ್ರು ನನ್ನ ಬ್ಯಾಗನ್ನು ತಾವೇ ಹೊತ್ತುಕೊಂಡರು.

ಅವರು ಗಣಿತವನ್ನು ಹೇಗೆ ನಿಭಾಯಿಸಿದ್ದರು ಎಂಬುದು ಮಕ್ಕಳ ನೋಟ್‌ಬುಕ್ ತೆರೆದಾಗ ತಿಳಿಯಿತು. ಪಠ್ಯಪುಸ್ತಕದ ಕೊನೆಯಲ್ಲಿ ಉತ್ತರಗಳು ಅಚ್ಚಾಗಿರುತ್ತವಲ್ಲ, ಅವನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದರು. ಮಕ್ಕಳು ಪ್ರಶ್ನೆ ಬರೆದು, ನಡುವೆ ಐದು ಗೆರೆ ಖಾಲಿ ಬಿಟ್ಟು, ಕೆಳಗೆ ಉತ್ತರ ಬರೆದು ಅದರ ಸುತ್ತ ಕೆಂಪು ಪೆನ್ನಿನಲ್ಲಿ ಚೌಕ ಹಾಕಿದ್ದರು. ಯಾವ ನೋಟ್‌ಬುಕ್ಕಿನಲ್ಲೂ ಒಂದು ತಪ್ಪು ಉತ್ತರ ಇರಲಿಲ್ಲ. ಲೆಕ್ಕ ಮಾತ್ರ ಇರಲಿಲ್ಲ. ಆ ಖಾಲಿ ಐದು ಗೆರೆ ಯಾಕೆ ಎಂದು ಕೇಳಿದರೆ, ಮುಂದೆ ಯಾವತ್ತಾದರೂ ಗಣಿತದ ಮೇಷ್ಟ್ರು ಬಂದರೆ ತುಂಬಿಸಲಿ ಎಂದು ಬಿಡಿಸಿದ್ದಾಗಿ ಪಿ.ಟಿ. ಮೇಷ್ಟ್ರು ಹೇಳಿದರು. ಅವರನ್ನು ಅಣಕಿಸಲು ಬಾಯಿ ತೆರೆದವನು ಆ ಮಾತು ಕೇಳಿ ಮುಚ್ಚಿದೆ. ಅರ್ಧ ಗಂಟೆ ಮುಚ್ಚಿರಬಹುದು.

ಐದು ಗೆರೆ ತುಂಬಿಸುವ ಕೆಲಸ ಒಂದು ಬ್ರಾಕೆಟ್ಟಿನಲ್ಲಿ ಸಿಕ್ಕಿಬಿತ್ತು. ಐದು, ಮೈನಸ್, ಬ್ರಾಕೆಟ್ಟಿನೊಳಗೆ ಮೂರು ಮೈನಸ್ ಎರಡು. ಇಡೀ ತರಗತಿ ಉತ್ತರ ಸೊನ್ನೆ ಎಂದು ಬರೆಯಿತು. ಐದರಲ್ಲಿ ಮೂರು ಹೋಯಿತು, ಎರಡು ಹೋಯಿತು, ಇನ್ನೇನು ಉಳಿಯುತ್ತದೆ ಎಂಬುದು ಅವರ ವಾದ. ಬ್ರಾಕೆಟ್ಟಿನ ಹೊರಗೆ ಮೈನಸ್ ಇದ್ದರೆ ಒಳಗಿನ ಚಿಹ್ನೆಗಳೆಲ್ಲ ಬದಲಾಗುತ್ತವೆ, ಉತ್ತರ ನಾಲ್ಕು ಎಂದು ಮೂರು ದಿನ ನಿಯಮ ಹೇಳಿದೆ. ನಿಯಮವನ್ನು ಮುದ್ದಾಗಿ ಬರೆದುಕೊಂಡು, ಕೆಂಪು ಚೌಕ ಹಾಕಿ, ನಾಲ್ಕನೇ ದಿನ ಮತ್ತೆ ಸೊನ್ನೆ ಬರೆದರು.

ಆ ತರಗತಿಯಲ್ಲಿ ಎರಡನೇ ಬೆಂಚಿನಲ್ಲಿ ಕೂರುವ ಒಬ್ಬ ಹುಡುಗಿ ಇದ್ದಳು. ಅವರದು ಕುರಿ ಸಾಕುವ ಮನೆ, ಊರಾಚೆಯ ಹಟ್ಟಿಯಿಂದ ನಡೆದು ಬರುತ್ತಿದ್ದಳು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಎರಡರಲ್ಲೂ ಮಾತು ಕಡಿಮೆ. ನಾನು ಏನು ಅಣಕಿಸಿದರೂ ಎಲ್ಲರೂ ನಕ್ಕ ಮೇಲೆ, ನಗಬೇಕೋ ಬೇಡವೋ ಎಂದು ತೀರ್ಮಾನಿಸಿ, ಸಾಮಾನ್ಯವಾಗಿ ಬೇಡ ಎಂದುಕೊಳ್ಳುತ್ತಿದ್ದಳು. ಆ ದಿನ ಎದ್ದು ನಿಂತಳು.

"ಮೈನಸ್ ಬಂದ್ರೆ ಒಳಗಿರೋವೆಲ್ಲ ಯಾಕೆ ಸಾ ಬದ್ಲಾಗ್ಬೇಕು? ಅವು ಅವುಗಳ ಪಾಡಿಗೆ ಕೂತಿರ್ತಾವಲ್ಲ."

ನಿಯಮ ಕಣಮ್ಮ ಎಂದೆ. ಯಾರು ಮಾಡಿದ್ದು ಎಂದಳು. ಯಾರು ಮಾಡಿದ್ದು ಎಂದು ಬಿ.ಎಸ್ಸಿ ಮೂರು ವರ್ಷದಲ್ಲಿ ನಾನು ಕೇಳಿರಲಿಲ್ಲ, ನನಗೆ ಯಾರೂ ಹೇಳಿರಲಿಲ್ಲ. ಗಂಟೆ ಹೊಡೆಯಲು ಇನ್ನೂ ಕಾಲು ಗಂಟೆ ಇತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಇಂಥ ಹೊತ್ತಿನಲ್ಲಿ ನನಗೆ ನನ್ನ ದನಿ ಕೈಕೊಡುತ್ತದೆ, ಇನ್ನೊಬ್ಬರದು ನೆರವಿಗೆ ಬರುತ್ತದೆ. ಹಾಗೆ ಬಂದದ್ದು ಕೊರಟಗೆರೆ ಮೇಷ್ಟ್ರದು.

ಬೋರ್ಡಿನ ಮೇಲಿನ ಬ್ರಾಕೆಟ್ಟನ್ನು ಒಂದು ಕೋಣೆ ಮಾಡಿದೆ. ಒಳಗೆ ಮೂರು ಮತ್ತು ಮೈನಸ್ ಎರಡು ಕೂತಿದ್ದಾರೆ. ಬಾಗಿಲಿಗೆ ಮೈನಸ್ ಮೇಷ್ಟ್ರು ಬಂದು ನಿಂತರು. ಈ ಮೇಷ್ಟ್ರು ಯಾರು ಏನೇ ಹೇಳಿದರೂ ಒಪ್ಪುವವರಲ್ಲ. ನಾನು ಕೂಡುವವನು ಸಾರ್ ಎಂದು ಮೂರು ಎದ್ದು ಹೇಳಿತು. ಮೇಷ್ಟ್ರು ಹ್ಞೂಂ ಎಂದರು, ಕನ್ನಡಕ ತೆಗೆದು ಆವಿ ಊದಿದರು, ಎರಡು ಸುತ್ತು ಒರೆಸಿದರು, ಹಂಗಲ್ಲ ಕಣಪ್ಪ, ನೀನು ಕಳೆಯೋನು ಎಂದರು. ಮೂರು ಮುಖ ಸಣ್ಣದು ಮಾಡಿಕೊಂಡು ಮೈನಸ್ ಮೂರಾಗಿ ಹೊರಗೆ ಬಂತು. ಇದನ್ನು ನೋಡಿದ ಎರಡು, ನಾನು ಕಳೆಯೋನು ಸಾರ್ ಎಂದು ಮೊದಲೇ ಶರಣಾಯಿತು. ಮತ್ತೆ ಹ್ಞೂಂ, ಮತ್ತೆ ಕನ್ನಡಕ. ಹಂಗಲ್ಲ ಕಣಪ್ಪ, ನೀನು ಕೂಡೋನು. ಎರಡು ಖುಷಿಯಾಗಿ ಪ್ಲಸ್ ಎರಡಾಗಿ ಹೊರಗೆ ಬಂತು. ಐದು, ಮೈನಸ್ ಮೂರು, ಪ್ಲಸ್ ಎರಡು. ಎಷ್ಟು?

ನಾಲ್ಕು ಎಂದು ಹಿಂದಿನ ಬೆಂಚೂ ಕೂಗಿತು. ಎರಡನೇ ಬೆಂಚಿನ ಹುಡುಗಿ ನಗಲಿಲ್ಲ. ಬೋರ್ಡು ನೋಡಿ, ತನ್ನದೇ ಒಂದು ಲೆಕ್ಕ ಹೇಳಿದಳು. ಬಿಸಿಯೂಟದ ಅಮ್ಮ ಐದು ಮೊಟ್ಟೆಯಲ್ಲಿ ಮೂರನ್ನು ಪಕ್ಕದ ಸಾಲಿಗೆ ಕೊಟ್ಟರು, ಆ ಮೂರರಲ್ಲಿ ಎರಡು, ಮೊಟ್ಟೆ ತಿನ್ನದ ಮಕ್ಕಳ ಪಾಲಿನವು, ವಾಪಸ್ಸು ಬಂದವು, ಹಾಗಾದರೆ ಹೋದದ್ದು ಒಂದೇ ಅಲ್ಲವಾ ಸಾ ಎಂದಳು. ಮೂರು ದಿನ ನಾನು ಹೇಳಬೇಕಾಗಿದ್ದದ್ದು ಅದೇ. ಮೊಟ್ಟೆ ನನ್ನ ತಲೆಗೆ ಹೊಳೆದಿರಲಿಲ್ಲ, ಕನ್ನಡಕ ಹೊಳೆದಿತ್ತು.

ಆ ದನಿ ಯಾರದೆಂದು ಮಕ್ಕಳಿಗೆ ನಾನು ಹೇಳಲಿಲ್ಲ. ಅವರ ಮಟ್ಟಿಗೆ ಅದು ಮೈನಸ್ಸಿನ ದನಿ. ಅಂಥ ಮನುಷ್ಯನೊಬ್ಬ ಕೊರಟಗೆರೆಯಲ್ಲಿ ಊಟ ಮಾಡಿಕೊಂಡು ಓಡಾಡಿಕೊಂಡಿದ್ದಾನೆ ಎಂಬುದು ಅವರ ಕಲ್ಪನೆಯಲ್ಲೂ ಇರಲಿಲ್ಲ. ಬ್ರಾಕೆಟ್ಟು ಬಂದಾಗಲೆಲ್ಲ ತರಗತಿಗೆ ತರಗತಿಯೇ ಮೂಗಿನಲ್ಲಿ ಹ್ಞೂಂ ಎನ್ನುತ್ತಿತ್ತು, ಇಲ್ಲದ ಕನ್ನಡಕವನ್ನು ಒರೆಸುತ್ತಿತ್ತು. ಉತ್ತರ ಸರಿ ಬರುತ್ತಿತ್ತು. ನಾನು ಬೀಗುತ್ತಿದ್ದೆ.

ಆಮೇಲೆ ಅದು ತರಗತಿಯಿಂದ ಹೊರಗೆ ನಡೆಯಿತು. ಮೈದಾನದಲ್ಲಿ ತೆಲುಗಾಯಿತು. ವಾಲಿಬಾಲ್ ಗೆರೆಯಾಚೆ ಬಿತ್ತು ಎಂದು ಒಬ್ಬ ಅಂದರೆ ಇನ್ನೊಬ್ಬ ಕನ್ನಡಕ ಒರೆಸಿ "ಅಟ್ಲ ಕಾದಪ್ಪಾ" ಎನ್ನುತ್ತಿದ್ದ. ಹಂಗಲ್ಲ ಕಣಪ್ಪ ಎಂಬುದರ ಗಡಿಯಾಚೆಯ ರೂಪ. ಪಿ.ಟಿ. ಮೇಷ್ಟ್ರು ಔಟು ಕೊಡುವಾಗ ಸೀಟಿ ಬಿಟ್ಟು ಇದನ್ನೇ ಬಳಸಲು ಶುರುಮಾಡಿದರು. ಮಕ್ಕಳಿಂದ ಮನೆಗೆ, ಮನೆಯಿಂದ ಬಸ್ಸು ನಿಲ್ಲುವ ಜಾಗದ ಟೀ ಅಂಗಡಿಗೆ ಹೋಯಿತು. ಕಡಲೆಕಾಯಿ ರೇಟಿನ ಬಗ್ಗೆ ಜಗಳವಾಡುವ ಮುದುಕರು ಮಾತಿನ ನಡುವೆ ಕನ್ನಡಕ ತೆಗೆಯುವುದನ್ನು ಕಣ್ಣಾರೆ ಕಂಡೆ. ಒಬ್ಬರಿಗೆ ಕನ್ನಡಕವೇ ಇರಲಿಲ್ಲ, ಪಕ್ಕದವರದನ್ನು ಇಸಿದುಕೊಂಡು ಒರೆಸಿ ವಾಪಸ್ಸು ಕೊಟ್ಟರು. ಒಂದು ದಿನ ಸ್ಟಾಫ್ ರೂಮಿನಲ್ಲಿ ನಾನು ಅರ್ಧ ದಿನ ರಜೆ ಬೇಕಿತ್ತು ಮೇಡಂ ಎಂದಾಗ, ಗಂಭೀರ ಸ್ವಭಾವದ ಹೆಡ್ ಮೇಡಂ ಮೂಗಿನಲ್ಲಿ ಹ್ಞೂಂ ಎಂದರು. ಕೆಲಸ ಕೈಮೀರಿದೆ ಎಂದು ನನಗೆ ಆಗಲೇ ಗೊತ್ತಾಗಬೇಕಿತ್ತು. ನಾನು ಅವರ ಹ್ಞೂಂನಲ್ಲಿ ಮೂಗು ಸಾಲದು, ಗಂಟಲು ಜಾಸ್ತಿಯಾಯಿತು ಎಂದು ಯೋಚಿಸುತ್ತಿದ್ದೆ.

ಗುರುವಾರ ಕೊರಟಗೆರೆ ಮೇಷ್ಟ್ರು ಬರುತ್ತಾರೆ ಎಂದು ಫೋನು ಬಂತು. ಬುಧವಾರ ಮಕ್ಕಳನ್ನು ಕೂರಿಸಿಕೊಂಡು ಬೇಡಿಕೊಂಡೆ. ನಾಳೆ ಒಬ್ಬ ಅತಿಥಿ ಬರುತ್ತಾರೆ, ಅವರಿಗೆ ಗಲಾಟೆ ಆಗದು, ನಾಳೆ ಒಂದು ದಿನ ಯಾರೂ ಹ್ಞೂಂ ಎನ್ನಬಾರದು, ಏನನ್ನೂ ಒರೆಸಬಾರದು. ಅವರು ಬೇಡವೆಂದು ಬರೆದರೆ ನಾನು ಈ ಶಾಲೆಯಲ್ಲಿ ಇರುವ ಹಾಗಿಲ್ಲ ಎಂಬುದನ್ನೂ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಭದ್ರತೆಗೆಂದು ಪಾಠವನ್ನೂ ಬದಲಾಯಿಸಿದೆ. ವೃತ್ತ. ವೃತ್ತದಲ್ಲಿ ಕೇಂದ್ರ ಇದೆ, ತ್ರಿಜ್ಯ ಇದೆ, ಹುಡುಕಿದರೂ ಮೈನಸ್ ಇಲ್ಲ. ಹುಡುಗಿಯರಿಂದ ಬಳೆ ಸಂಗ್ರಹಿಸಿದೆ, ಸೈಕಲ್ ಚಕ್ರ ಒಂದನ್ನು ತಂದಿಟ್ಟೆ, ಮೂರು ಬಣ್ಣದಲ್ಲಿ ಚಾರ್ಟು ಬರೆದೆ. ಪಾಠಯೋಜನೆಯಲ್ಲಿ ನಾನು ಎಲ್ಲಿ ಮುಗುಳ್ನಗಬೇಕು ಎಂಬುದನ್ನೂ ಗುರುತು ಹಾಕಿಕೊಂಡೆ.

ಮೇಷ್ಟ್ರು ಬಂದಾಗಲೇ ಮುಖದಲ್ಲಿ ಏನೋ ಗೊಂದಲವಿತ್ತು. ಟೀ ಅಂಗಡಿಯ ಮುಂದೆ ಇಳಿದು ಶಾಲೆಯ ದಾರಿ ಕೇಳಿದರಂತೆ. ಅಂಗಡಿಯವನು ಎಡಕ್ಕೆ ಹೋಗಿ ಎಂದನಂತೆ. ಇವರು ತಮ್ಮ ವಾಡಿಕೆಯಂತೆ ಕನ್ನಡಕ ಒರೆಸಿ, ಹಂಗಲ್ಲ ಕಣಪ್ಪ, ಬೋರ್ಡಿನಲ್ಲಿ ಬಲಕ್ಕೆ ಅಂತ ಐತಲ್ಲ ಎಂದರಂತೆ. ಬೆಂಚಿನ ಮೇಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರಂತೆ. ನಿಮ್ಮ ಮಗುವೂ ಒಂಬತ್ತನೇ ಕ್ಲಾಸಾ ಎಂದು ಅಂಗಡಿಯವನು ಕೇಳಿದನಂತೆ. ಈ ಊರಿನ ಜನಕ್ಕೆ ಏನಾಗಿದೆ ಎಂದು ಅವರು ಹೆಡ್ ಮೇಡಂ ಅವರನ್ನು ಕೇಳುತ್ತಿದ್ದರು. ಮೇಡಂ, ಮೇಷ್ಟ್ರ ಮಾತು, ಮೂಗು, ಕನ್ನಡಕ ಮೂರನ್ನೂ ನೋಡಿ, ನಿಧಾನವಾಗಿ ನನ್ನ ಕಡೆ ತಿರುಗಿದರು. ನಾನು ಸೈಕಲ್ ಚಕ್ರದ ಹಿಂದೆ ಅಡಗಲು ಯತ್ನಿಸಿದೆ. ಚಕ್ರದಲ್ಲಿ ಕಡ್ಡಿಗಳನ್ನು ಬಿಟ್ಟರೆ ಎಲ್ಲ ಕಿಂಡಿಯೇ.

ತರಗತಿಗೆ ಬಂದು ಹಿಂದಿನ ಬೆಂಚಿನ ತುದಿಯಲ್ಲಿ ಕೂತು, ತೊಡೆಯ ಮೇಲೆ ವರದಿಯ ಹಾಳೆ ಇಟ್ಟುಕೊಂಡು, ಇವತ್ತು ಯಾವ ಪಾಠ ಎಂದು ಕೇಳಿದರು. ಇಲ್ಲಿ ನನ್ನ ದಡ್ಡತನಕ್ಕೆ ಕಿರೀಟ ಬಂತು. ಈ ಭೂಮಿಯ ಮೇಲೆ ಆ ಮನುಷ್ಯರ ನಿಯಮ ನನಗಿಂತ ಚೆನ್ನಾಗಿ ಗೊತ್ತಿದ್ದವರು ಯಾರೂ ಇರಲಿಲ್ಲ. ನಾನು ಬೀಜಗಣಿತ ಎಂದಿದ್ದರೆ ಅವರೇ ವೃತ್ತ ಮಾಡಿಸುತ್ತಿದ್ದರು. ನಾನು ವೃತ್ತ ಸಾರ್ ಎಂದೆ.

"ಹ್ಞೂಂ," ಎಂದರು. ಕನ್ನಡಕ ತೆಗೆದರು. ಆವಿ ಊದಿದರು. ಎರಡು ಸುತ್ತು ಒರೆಸಿದರು. "ಹಂಗಲ್ಲ ಕಣಪ್ಪ. ವೃತ್ತ ಬೇಡ. ಬೀಜಗಣಿತ ಮಾಡು."

ಇಡೀ ತರಗತಿಯ ಕಣ್ಣುಗಳು ಹಿಂದಿನ ಬೆಂಚಿನ ಕಡೆ ತಿರುಗಿದವು. ಮಕ್ಕಳು ತಮ್ಮ ಮಾತನ್ನು ಪೂರ್ತಿ ಉಳಿಸಿಕೊಂಡರು, ಒಬ್ಬರೂ ಹ್ಞೂಂ ಎನ್ನಲಿಲ್ಲ. ಆದರೆ ಮೆಚ್ಚುಗೆಯನ್ನು ಅದುಮಲು ನಾನು ಹೇಳಿರಲಿಲ್ಲ. ಕಿಟಕಿ ಪಕ್ಕದ ಹುಡುಗ ತನ್ನ ಗೆಳೆಯನಿಗೆ ಪಿಸುಗುಟ್ಟಿದ. ಆ ಹುಡುಗನ ಪಿಸುಮಾತು ಕುರಿ ದೊಡ್ಡಿಯ ಆಚೆಗೂ ಕೇಳುವಂಥದ್ದು.

"ಲೇ, ಇವ್ರಿಗೂ ಮೈನಸ್ ಮಾಡಕ್ಕೆ ಬತ್ತದೆ ಕಣ್ಲಾ. ನಮ್ ಸಾರಷ್ಟು ಬರಲ್ಲ ಬುಡು, ಆದ್ರೂ ಪರ್ವಾಗಿಲ್ಲ."

ಮೇಷ್ಟ್ರ ಕೈಯಲ್ಲಿದ್ದ ಕನ್ನಡಕ ಅರ್ಧ ದಾರಿಯಲ್ಲಿ ನಿಂತಿತು. ಟೀ ಅಂಗಡಿಯ ನಗು ಅವರಿಗೆ ಆ ಕ್ಷಣ ಅರ್ಥವಾಯಿತೆಂದು ಅವರ ಕಿವಿಗಳ ಬಣ್ಣ ಹೇಳಿತು. ಕನ್ನಡಕವನ್ನು ಒರೆಸದೆ ಹಾಗೇ ಹಾಕಿಕೊಂಡರು. ಮಾಡಪ್ಪ ಪಾಠ ಎಂದರು, ಬಹಳ ಮೆಲ್ಲಗೆ.

ಮಾಡಿದೆ. ಬೇರೆ ಯಾವ ದನಿಯೂ ಹತ್ತಿರ ಸುಳಿಯದೆ, ಪಠ್ಯಪುಸ್ತಕದ ಸಾಲುಗಳನ್ನು ಪಂಚಾಯಿತಿ ಪ್ರಕಟಣೆಯಂತೆ ಓದಿದೆ. ಮಕ್ಕಳು ನನಗೆ ಕೊಟ್ಟ ಮಾತಿನಂತೆ ಕಲ್ಲಾಗಿ ಕೂತರು. ನಾನು ಪ್ರಶ್ನೆ ಕೇಳಿದರೆ ಬಾಯಿಯನ್ನೇ ತೆರೆಯಲಿಲ್ಲ. ಬಾಯಿ ತೆರೆದರೆ ಮೊದಲು ಹೊರಬರುವುದು ಏನೆಂದು ಅವರಿಗೆ ಗೊತ್ತಿತ್ತು. ಮೇಷ್ಟ್ರು ಹಾಳೆಯ ಮೇಲೆ ಬರೆದರು, ಇನ್ನೂ ಬರೆದರು. ಬಾಗಿಲ ಬಳಿ ಹೆಡ್ ಮೇಡಂ, ಅವರ ಹಿಂದೆ ಪಿ.ಟಿ. ಮೇಷ್ಟ್ರು ಬಂದು ನಿಂತರು. ನಾನು ಹೋದರೆ ಗಣಿತ ಯಾರ ಕೊರಳಿಗೆ ಎಂದು ಬಲ್ಲ ಪಿ.ಟಿ. ಮೇಷ್ಟ್ರು ಸೀಟಿಯನ್ನು ಜಪಮಣಿಯಂತೆ ಹಿಡಿದುಕೊಂಡಿದ್ದರು.

ಕೊನೆಗೆ ಕೊರಟಗೆರೆ ಮೇಷ್ಟ್ರೇ ಎದ್ದು ಬಂದು ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದರು. ಏಳು, ಮೈನಸ್, ಬ್ರಾಕೆಟ್ಟು. ಅದರೊಳಗೆ ಎರಡು, ಮೈನಸ್, ಇನ್ನೊಂದು ಬ್ರಾಕೆಟ್ಟು. ಅದರೊಳಗೆ ನಾಲ್ಕು ಮೈನಸ್ ಆರು. ಕೋಣೆಯೊಳಗೆ ಕೋಣೆ, ಎರಡಕ್ಕೂ ಬಾಗಿಲಲ್ಲಿ ಒಬ್ಬೊಬ್ಬ ಮೈನಸ್. ನಾನು ಇದನ್ನು ಇನ್ನೂ ಕಲಿಸಿರಲಿಲ್ಲ. ಯಾರು ಮಾಡುತ್ತೀರಿ ಎಂದರು. ಎರಡನೇ ಬೆಂಚಿನ ಹುಡುಗಿ ಎದ್ದು ಹೋಗಿ ಸೀಮೆಸುಣ್ಣ ತೆಗೆದುಕೊಂಡಳು. ಮೊದಲು ನನ್ನ ಕಡೆ, ಆಮೇಲೆ ಮೇಷ್ಟ್ರ ಕಡೆ ನೋಡಿದಳು.

"ಮೈನಸ್ಸನ್ನ ಮಾತಾಡಿಸ್ದೆ ಇದು ಆಗಲ್ಲ ಸಾ," ಎಂದಳು. ಮಾತಾಡಿಸು ಎಂದು ಮೇಷ್ಟ್ರೇ ಅಂದರು.

ಆ ದನಿಗೆ ಒಮ್ಮೆಯೂ ನಕ್ಕಿರದ ಆ ಹುಡುಗಿ ಮೂಗಿನಲ್ಲಿ ತೆಗೆದ ಹ್ಞೂಂ ನನ್ನದಕ್ಕಿಂತ ಚೆನ್ನಾಗಿತ್ತು. ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದೇನೆ. ಹೊರಗಿನ ಬಾಗಿಲ ಮೈನಸ್ ಮೇಷ್ಟ್ರು ಎರಡಕ್ಕೆ, ಹಂಗಲ್ಲ ಕಣಪ್ಪ, ನೀನು ಕಳೆಯೋನು ಎಂದರು. ಒಳಗಿನ ಮೇಷ್ಟ್ರಿಗೂ ಹಂಗಲ್ಲ ಕಣಪ್ಪ ಎಂದು, ಅವರನ್ನು ಪ್ಲಸ್ ಮಾಡಿ ಕೂರಿಸಿದರು, ನಾಲ್ಕು, ಮೈನಸ್ ಆರು ಎರಡೂ ಇದ್ದ ಹಾಗೇ ಹೊರಗೆ ಬಂದವು. ಮೇಷ್ಟ್ರಿಗೇ ಮೇಷ್ಟ್ರು ಎದುರಾದ ಆ ಜಾಗದಲ್ಲಿ ತರಗತಿಗೆ ತಾನು ಕೊಟ್ಟ ಮಾತು ಮರೆತುಹೋಗಿ, ಎಲ್ಲರೂ ಕೂಡಿ ಒಂದೇ ಸಲಕ್ಕೆ ಕನ್ನಡಕ ಒರೆಸಿದರು. ಏಳು, ಮೈನಸ್ ಎರಡು, ಪ್ಲಸ್ ನಾಲ್ಕು, ಮೈನಸ್ ಆರು. ಐದು ಗೆರೆಯಲ್ಲಿ ಲೆಕ್ಕ ಮುಗಿಸಿ ಕೊನೆಗೆ ಮೂರು ಎಂದು ಬರೆದಳು. ಸರಿಯಾಗಿತ್ತು.

ಸರಿಯಾಗಿದ್ದರಿಂದಲೇ ಮೇಷ್ಟ್ರಿಗೆ ಕಷ್ಟವಾಯಿತು. ತಪ್ಪಾಗಿದ್ದರೆ ಬೈದು ಹೋಗಬಹುದಿತ್ತು. ನಾನು ಕೈಮುಗಿದು ನಿಂತೆ. ತಪ್ಪಾಯಿತು ಸಾರ್, ಇನ್ನು ಮೇಲೆ ಯಾರ ದನಿಯನ್ನೂ ಮುಟ್ಟುವುದಿಲ್ಲ ಎಂದು ಹೇಳಿದೆ, ಅದನ್ನು ಹೇಳುವಾಗಲೂ ಅವರ ದನಿ ಅಂಟಿಕೊಳ್ಳುತ್ತಿದೆ ಎಂದು ಗಾಬರಿಯಾಗಿ ನಡುವೆಯೇ ನಿಲ್ಲಿಸಿದೆ. ಅವರು ನನ್ನನ್ನು ನೋಡಲಿಲ್ಲ. ಮಕ್ಕಳು ಕಲಿತಿರುವುದು ನಿಜ, ಆದರೆ ಹಿರಿಯರನ್ನು ಆಡಿಕೊಳ್ಳುವವನು ಮೇಷ್ಟ್ರಾಗುವುದು ಹೇಗೆ ಎಂದು ಹೆಡ್ ಮೇಡಂ ಕಡೆ ತಿರುಗಿ ಕೇಳಿದರು. ಮೇಷ್ಟ್ರ ದನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು. ಅಷ್ಟು ದಿನ ಆ ದನಿಯನ್ನು ಬಾಯಲ್ಲಿಟ್ಟುಕೊಂಡು ತಿರುಗಿದ ನನಗೆ ಅದರೊಳಗೆ ನೋವಿಗೂ ಜಾಗವಿದೆ ಎಂದು ಹೊಳೆದಿರಲಿಲ್ಲ.

ವರದಿಯ ಕೊನೆಯ ಸಾಲನ್ನು ಬರೆಯುತ್ತಲೇ ಅವರು ಬೋರ್ಡಿನ ಬಳಿ ಇನ್ನೂ ಸೀಮೆಸುಣ್ಣ ಹಿಡಿದು ನಿಂತಿದ್ದ ಹುಡುಗಿಗೆ ಸಮಾಧಾನ ಹೇಳಿದರು.

"ನಿಮ್ದೇನೂ ತಪ್ಪಿಲ್ಲ ಕಣಮ್ಮ. ಇವನ್ನ ವಾಪಸ್ ಕರ್ಕೊಂಡು ಹೋಗ್ತೀನಿ. ಇವನಿಗಿಂತ ಗಂಭೀರವಾದ ಮೇಷ್ಟ್ರನ್ನ ನಿಮಗೆ ಕಳಿಸಿಕೊಡ್ತೀನಿ."

ಅದಾದ ಮೇಲೆ ಅವರು ಬರೆದಿದ್ದ ಸಾಲನ್ನು ಹೊಡೆದುಹಾಕಿದರು, ಮಕ್ಕಳ ಜೊತೆ ಕೂತು ಬಿಸಿಯೂಟ ಮಾಡಿದರು, ಮೂರು ಗಂಟೆಯ ಬಸ್ಸು ಹಿಡಿದು ಹೋದರು. ನನ್ನ ವಿದ್ಯಾರ್ಥಿವೇತನ ನಿಲ್ಲಲಿಲ್ಲ. ಬಿ.ಎಡ್ ಮುಗಿಸಿ ಈಗ ಅದೇ ಶಾಲೆಯಲ್ಲಿ ಎರಡನೇ ವರ್ಷ ಪಾಠ ಮಾಡುತ್ತಿದ್ದೇನೆ. ಇಷ್ಟಕ್ಕೂ ಕಾರಣ ನನ್ನ ಕ್ಷಮಾಪಣೆಯಲ್ಲ, ಮೇಡಂ ಅವರ ಶಿಫಾರಸೂ ಅಲ್ಲ. ಮೇಷ್ಟ್ರು ಆ ಮಾತು ಹೇಳಿ ಮುಗಿಸಿದ ಕೂಡಲೇ, ಸೀಮೆಸುಣ್ಣವನ್ನು ಬೋರ್ಡಿನ ಕೆಳಗಿನ ಹಲಗೆಯ ಮೇಲಿಟ್ಟು, ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಆ ಹುಡುಗಿ ಅವರಿಗೆ ಹೇಳಿದ್ದು ಇಷ್ಟು:

"ಮೊದ್ಲು ಆ ಮೇಷ್ಟ್ರನ್ನ ತಂದು ಇಲ್ಲಿ ಬುಡಿ ಸಾ, ಆಮ್ಯಾಕೆ ಇವ್ರನ್ನ ಹೊಡ್ಕಂಡೋಗಿ."